ಹದಿನೈದರ ನೀಲಿ ಫ್ಯೂಸ್

ಹೊಸಪೇಟೆಯಲ್ಲಿ ಯಾರ ಕಾರು ಕೆಟ್ಟರೂ ಕಾರಣ ಮೊದಲೇ ಸಿದ್ಧವಾಗಿರುತ್ತದೆ: ಸಂಡೂರಿನ ಧೂಳು. ಎಸಿ ತಣ್ಣಗಾಗದಿದ್ದರೆ ಧೂಳು, ಬ್ರೇಕ್ ಕಿರುಗುಟ್ಟಿದರೆ ಧೂಳು, ಕೀಲಿ ತಿರುಗಿಸಿದಾಗ ಗಾಡಿ ಕಮಕ್ ಕಿಮಕ್ ಅನ್ನದೆ ಕೂತರೂ ಧೂಳು. ಅದಿರು ಲಾರಿಗಳ ಹಿಂದೆ ವರ್ಷಗಟ್ಟಲೆ ಓಡಾಡಿದ ನನಗೂ ಆ ಕೆಂಪು ಪುಡಿಯ ಮೇಲೆ ಪ್ರೀತಿಯೇನಿಲ್ಲ. ಸೀರೆಯ ಅಂಚಿನಲ್ಲಿ, ಊಟದ ಡಬ್ಬಿಯ ಮುಚ್ಚಳದಲ್ಲಿ, ಕಿವಿಯ ಹಿಂದೆ ಎಲ್ಲೆಲ್ಲೂ ಅದೇ. ಆದರೆ ಅದು ಮಾಡದ ತಪ್ಪನ್ನು ಅದರ ತಲೆಗೆ ಕಟ್ಟುವುದನ್ನು ಈಗ ಬಿಟ್ಟಿದ್ದೇನೆ.

ನಾನು ಸಂಡೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಹೊಸಪೇಟೆಯಲ್ಲಿ. ಗಂಡ ತೀರಿಕೊಂಡು ಮೂರು ವರ್ಷವಾಯಿತು. ಬೆಳಿಗ್ಗೆ ಸ್ನಾನಕ್ಕೆ ಹೋದವರು ಎದೆ ಹಿಡಿದುಕೊಂಡು ಹೊರಗೆ ಬಂದು ಕುರ್ಚಿಯ ಮೇಲೆ ಕೂತರು, ಅಷ್ಟೇ. ಮಕ್ಕಳಿಲ್ಲ. ಕಂಪ್ಲಿಯಲ್ಲಿ ಅವರ ಮನೆತನದ ಅಕ್ಕಿ ಗಿರಣಿಯಿದೆ. ಅದನ್ನು ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ನೋಡಿಕೊಳ್ಳುತ್ತಾರೆ. ಗಿರಣಿಯ ವಿಷಯದಲ್ಲಿ ನಾನು ಬಾಯಿ ಹಾಕುವಂತಿಲ್ಲವೆಂದು ದಿನಕರ್ಮ ಮುಗಿದ ಮಧ್ಯಾಹ್ನವೇ, ಊಟದ ಎಲೆ ತೆಗೆಯುವ ಮೊದಲೇ, ಹಿರಿಯರು ತೀರ್ಮಾನಿಸಿದ್ದರು. ನನ್ನ ಪಾಲಿಗೆ ಉಳಿದದ್ದು ಗಂಡನ ಕಾರು. ಕೊಂಡಾಗ ಬಿಳಿ ಬಣ್ಣದ್ದು; ಸಂಡೂರಿನ ರಸ್ತೆ ಅದಕ್ಕೆ ತನ್ನದೇ ಬಣ್ಣ ಹಚ್ಚಿತ್ತು.

ಶಾಲೆಗೆ ಹೋಗಲು ಬಸ್ಸಿಲ್ಲವೆಂದಲ್ಲ. ಬಸ್ಸಿದೆ, ಅದರಲ್ಲೇ ಎಷ್ಟೋ ವರ್ಷ ಹೋಗಿದ್ದೇನೆ. ಈಗ ಶಾಲೆಗೂ ಕಾರಿನಲ್ಲೇ ಹೋಗುತ್ತಿದ್ದೆ, ಆದರೆ ಅದು ನಿಜವಾಗಿ ಬೇಕಾಗಿದ್ದದ್ದು ಭಾನುವಾರಕ್ಕೆ. ಭಾನುವಾರ ಬೆಳಿಗ್ಗೆ ಒಬ್ಬಳೇ ಹಂಪಿಗೆ ಹೋಗುತ್ತಿದ್ದೆ. ಬಜಾರಿನ ಒಂದು ಕಲ್ಲುಮಂಟಪದ ನೆರಳಿನಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಪ್ರವಾಸಿಗರು ಬರುತ್ತಿದ್ದರು, ಹೋಗುತ್ತಿದ್ದರು, ನನ್ನನ್ನು ಯಾರೂ ಗುರುತು ಹಿಡಿಯುತ್ತಿರಲಿಲ್ಲ. ಅಲ್ಲಿ ಕೂತಷ್ಟು ಹೊತ್ತು ನಾನು ಯಾರ ಸೊಸೆಯೂ ಅಲ್ಲ, ಯಾರ ವಿಧವೆಯೂ ಅಲ್ಲ, ಯಾರ ಟೀಚರೂ ಅಲ್ಲ. ಗಂಡ ಇದ್ದಾಗ ಎಲ್ಲಿಗೆ ಹೋಗಬೇಕಾದರೂ ಅವರಿಗೆ ಬಿಡುವಾಗಲಿ ಎಂದು ಕಾಯುತ್ತಿದ್ದೆ; ಅವರು ಹೋದ ಮೇಲೆ ಭಾವನ ಡ್ರೈವರಿಗೆ ಬಿಡುವಾಗಲಿ ಎಂದು ಕಾಯಬೇಕಿತ್ತು. ಕಾಯುವುದು ನನಗೆ ಸಾಕಾಗಿತ್ತು. ಗಂಡ ಡ್ಯಾಮಿನ ಕಡೆಯ ಖಾಲಿ ರಸ್ತೆಯಲ್ಲಿ ಡ್ರೈವಿಂಗ್ ಕಲಿಸಿದ್ದರು. ಅದೊಂದಕ್ಕೆ ನಾನು ಅವರಿಗೆ ಇವತ್ತಿಗೂ ಋಣಿ.

ಹಂಪಿಯ ಸುದ್ದಿ ಕಂಪ್ಲಿಗೆ ಮುಟ್ಟಲು ಹೆಚ್ಚು ದಿನ ಬೇಕಾಗಲಿಲ್ಲ. ಭಾವ ಒಮ್ಮೆ ಬಂದಾಗ ಕೇಳಿದರು.

“ಒಬ್ಬಾಕೀನ ಹಂಪಿಗೆ ಹೋಗ್ತೀಯಂತ? ನಮ್ಮ ಮಂದಿ ನೋಡ್ಯಾರ.”

“ಹೌದ್ರಿ, ಹೋಗ್ತೀನಿ,” ಅಂದೆ. ನನ್ನ ನಾಲಿಗೆ ಮೊದಲಿನಿಂದಲೂ ಸ್ವಲ್ಪ ಚುರುಕು. ಜಗಳಕ್ಕೆ ಸೆರಗು ಕಟ್ಟಿಕೊಂಡೇ ನಿಂತಿದ್ದೆ. ಆದರೆ ಅವರು ಜಗಳ ಮಾಡಲಿಲ್ಲ. “ಆತು ಬಿಡು ತಂಗಿ, ಹುಷಾರಾಗಿ ಹೋಗಿ ಬಾ,” ಅಂದರು. ಎಂಥ ದೊಡ್ಡ ಮನಸ್ಸಿನವರು ಎಂದುಕೊಂಡೆ. ಇದನ್ನು ಬರೆಯುವಾಗ ನಗು ಬರುತ್ತಿದೆ, ಒಳ್ಳೆಯ ನಗುವಲ್ಲ.

ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಗಾಡಿಗೆ ಪೂಜೆ. ವರ್ಷಕ್ಕೊಮ್ಮೆ ಆಯುಧಪೂಜೆ ಮಾಡಿ ಸುಮ್ಮನಾಗುವ ಜನ ನಾವಲ್ಲ. ಲಾರಿ, ಟ್ರ್ಯಾಕ್ಟರ್, ಆಟೊ, ಸ್ಕೂಟರ್, ಎಲ್ಲಕ್ಕೂ ತಿಂಗಳಿಗೊಮ್ಮೆ ನಿಂಬೆಹಣ್ಣು, ಊದುಬತ್ತಿ, ತೆಂಗಿನಕಾಯಿ. ನನ್ನ ಗಂಡ ಅವಸರದ ಮನುಷ್ಯ. ಮುಂದಿನ ಚಕ್ರದ ಪಕ್ಕ ಒಂದು ಕಾಯಿ ಕುಟ್ಟಿ, ನೀರು ನೆಲಕ್ಕೆ ಚೆಲ್ಲಿ, ಚಹಾ ಕೇಳುತ್ತ ಒಳಗೆ ಬರುತ್ತಿದ್ದರು. ಅವರು ಹೋದ ಮೇಲೆ ಆ ಪೂಜೆ ಮಾಡುವವರು ಯಾರು? ಗಂಡನಿಲ್ಲದವಳು ಕಾಯಿ ಒಡೆಯುವಂತಿಲ್ಲ, ಕುಂಕುಮದ ಬಟ್ಟಲು ಮುಟ್ಟುವಂತಿಲ್ಲ. ಪಿರಿಯಡ್ಡಿಗೆ ನಲವತ್ತು ಮಕ್ಕಳೆದುರು ಮೂಢನಂಬಿಕೆಯ ಬಗ್ಗೆ ಭಾಷಣ ಬಿಗಿಯುವ ನಾನು ಈ ಮಾತಿಗೆ ಎದುರಾಡಲಿಲ್ಲ. ಸತ್ತ ಮನೆಯಲ್ಲಿ ಎಷ್ಟು ವಿಷಯಕ್ಕೆಂದು ಜಗಳ ತೆಗೆಯುವುದು?

“ನಾನು ಬರ್ತೀನಿ ಬಿಡು,” ಅಂದರು ಭಾವ. “ತಮ್ಮನ ಗಾಡಿ. ಪೂಜಿ ತಪ್ಪಬಾರದು.”

ಹಾಗೇ ಬಂದರು. ಪ್ರತಿ ಅಮಾವಾಸ್ಯೆಯ ಸಂಜೆ, ಕಂಪ್ಲಿಯಿಂದ, ಮಡಿ ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು. ಅವರದು ತಮ್ಮನ ಹಾಗೆ ಅವಸರದ ಪೂಜೆಯಲ್ಲ. ಬಾನೆಟ್ ಎತ್ತುತ್ತಿದ್ದರು. ಬ್ಯಾಟರಿಗೆ ಮೂರು ಬೆರಳಿನ ವಿಭೂತಿ, ಅದರ ಮೇಲೆ ಕುಂಕುಮ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸುಗಳ ಕಪ್ಪು ಪೆಟ್ಟಿಗೆ. ಅದಕ್ಕೂ ವಿಭೂತಿ, ಅದಕ್ಕೂ ಕುಂಕುಮ. ಆ ಪೆಟ್ಟಿಗೆಯ ಮುಚ್ಚಳದ ಕೊಕ್ಕೆ ಮುರಿದಿತ್ತು. ಮುಚ್ಚಳ ಸುಮ್ಮನೆ ಮೇಲೆ ಕೂತಿರುತ್ತಿತ್ತು. ಆಮೇಲೆ ಕಾಯಿ ಒಡೆದು, ಎರಡು ಹೋಳನ್ನೂ ಎರಡು ಕೈಯಲ್ಲಿ ಹಿಡಿದು, ಒಳಗಿನ ನೀರನ್ನು ಸಾವಕಾಶವಾಗಿ ಎಂಜಿನ್ನಿನ ಸುತ್ತಲೂ ಸುರಿಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಕೈ ಮುಗಿಯುತ್ತಿದ್ದೆ. ಪೂಜೆ ಮುಗಿದ ಮೇಲೆ ಅವರ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದೆ. ಅವರು ತಲೆಯ ಮೇಲೆ ಕೈಯಿಟ್ಟು “ಛಲೋ ಆಗ್ಲಿ” ಅನ್ನುತ್ತಿದ್ದರು. ಅಷ್ಟು ದೂರದಿಂದ ಇದಕ್ಕಾಗಿಯೇ ಬರುತ್ತಾರಲ್ಲ ಎಂದು ನನ್ನ ಕಣ್ಣು ತುಂಬಿ ಬರುತ್ತಿತ್ತು.

ಮೊದಲು ಹೋದದ್ದು ಹಾರ್ನ್. ಅದಿರು ಲಾರಿಗಳ ರಸ್ತೆಯಲ್ಲಿ ಹಾರ್ನ್ ಇಲ್ಲದ ಕಾರೆಂದರೆ ಸಂತೆಯಲ್ಲಿ ಮೂಗಿಯನ್ನು ಬಿಟ್ಟ ಹಾಗೆ. ಬೈಪಾಸಿನ ಹತ್ತಿರದ ಎಲೆಕ್ಟ್ರಿಷಿಯನ್ ಬಾನೆಟ್ ಎತ್ತಿ, ಪೆಟ್ಟಿಗೆಯಿಂದ ಹದಿನೈದು ಆಂಪಿಯರಿನ ಒಂದು ನೀಲಿ ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದ. ಒಳಗಿನ ತಂತಿ ಸುಟ್ಟು ಕಡಿದಿತ್ತು. “ಹದಿನೈದರದು ಹೋಗೇತ್ರಿ ಮೇಡಂ. ಧೂಳು,” ಎಂದು ಹೊಸದು ಹಾಕಿದ. ಹಾರ್ನ್ ಕೂಗಿತು. ಕೆಲವು ವಾರ ಕಳೆದು ಮತ್ತೆ ಅದೇ ಫ್ಯೂಸ್ ಹೋಯಿತು. ಮತ್ತೆ ಧೂಳು. ಆಮೇಲೆ ವೈಪರ್ ತನ್ನಷ್ಟಕ್ಕೆ ತಾನೇ ಅಲ್ಲಾಡತೊಡಗಿತು. ಮಳೆ ಬಂದಾಗ ಅಲ್ಲಾಡಲಿಲ್ಲ. ಆಮೇಲೆ ಬೆಳಿಗ್ಗೆ ಬ್ಯಾಟರಿ ಸತ್ತು ಮಲಗಿರುತ್ತಿತ್ತು. ಹೊಸ ಬ್ಯಾಟರಿ ಹಾಕಿಸಿದೆ. ಅದೂ ಸತ್ತು ಮಲಗಿತು. ಬಸ್ಸು ಹಿಡಿದು ಶಾಲೆಗೆ ಹೋಗುವಷ್ಟರಲ್ಲಿ ಪ್ರಾರ್ಥನೆ ಮುಗಿದು, ಹೆಡ್‌ಮಾಸ್ಟರು ಗಡಿಯಾರವನ್ನೂ ನನ್ನನ್ನೂ ಒಂದೇ ನೋಟದಲ್ಲಿ ನೋಡುತ್ತಿದ್ದರು.

ಒಂದು ದಿನ ಸಂಡೂರಿಗೆ ಮೊದಲಿನ ಏರಿನಲ್ಲಿ ಕಾರು ಪೂರ್ತಿ ನಿಂತಿತು. ಲೈಟಿಲ್ಲ, ಹಾರ್ನ್ ಇಲ್ಲ, ಅಪಾಯದ ದೀಪವೂ ಮಿಣುಕುವುದಿಲ್ಲ. ಹಿಂದೆ ಲಾರಿಗಳ ಸಾಲು. ಒಬ್ಬ ಡ್ರೈವರ್ ಕೆಳಗಿಳಿದು ಬಂದು, ಸೀರೆ ಉಟ್ಟ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮನ್ಯಾಗ ಗಂಡಸ್ರು ಯಾರೂ ಇಲ್ಲೇನ್ರಿ?” ಅಂದ. ಅವನಿಗೆ ಏನು ಉತ್ತರ ಕೊಟ್ಟೆನೆಂದು ಇಲ್ಲಿ ಬರೆಯುವುದಿಲ್ಲ. ಶಿಕ್ಷಕಿಯ ಬಾಯಲ್ಲಿ ಬರಬಾರದ ಮಾತು. ಅಷ್ಟಾದರೂ ಅವನೇ ಕಾರನ್ನು ಬದಿಗೆ ತಳ್ಳಿಕೊಟ್ಟ. ಆಮೇಲೆ ಅದನ್ನು ಇನ್ನೊಂದು ಗಾಡಿಗೆ ಕಟ್ಟಿ ಮನೆಗೆ ಎಳೆಸಿಕೊಂಡು ಬಂದೆ.

ಆ ಸಂಜೆಯೇ ಭಾವನ ಫೋನ್ ಬಂತು. ಯಾರು ಹೇಳಿದರೋ ಏನೋ.

“ಆ ಗಾಡಿ ನಿನಗ ಆಗಿಬರವಲ್ದು ತಂಗಿ. ಅವ ಹೋದ ಮ್ಯಾಗ ಅದಕೂ ಜೀವ ಇಲ್ಲ. ನಮ್ಮ ಕೈಯಾಗಿಂದಲ್ಲ, ದೇವರು ತೋರಿಸಾಕ ಹತ್ಯಾನ. ಗಿರಣಿಗೆ ತಂದು ಬಿಡು. ನೀನು ಎಲ್ಲಿಗರ ಹೋಗಬೇಕಂದ್ರ ನಮ್ಮ ಡ್ರೈವರ್ ಅದಾನಲ್ಲ, ಒಂದ್ ಫೋನ್ ಮಾಡು.”

ಫೋನ್ ಇಟ್ಟ ಮೇಲೆ ನಾನು ಅತ್ತೆ. ಗಂಡ ಸತ್ತ ಮೇಲೆ ಅಷ್ಟು ಅತ್ತದ್ದು ಅದೇ ಮೊದಲು. ಏಕೆಂದರೆ ನನಗೂ ಹಾಗೇ ಅನ್ನಿಸತೊಡಗಿತ್ತು. ಆಗಿಬರದು ಎಂಬ ಮಾತಿಗೆ ನಮ್ಮಲ್ಲಿ ಔಷಧಿಯಿಲ್ಲ. ಮೂಗುತಿಯ ಹರಳಿಗೆ, ಮನೆಯ ಬಾಗಿಲಿಗೆ, ಸೊಸೆಯ ಕಾಲ್ಗುಣಕ್ಕೆ, ಎಲ್ಲಕ್ಕೂ ಹೇಳಿ ಮುಗಿಸುವ ಮಾತು ಅದು. ಒಂದು ವಾರ ಕಾರನ್ನು ಮುಟ್ಟಲಿಲ್ಲ. ಭಾನುವಾರ ಮನೆಯಲ್ಲೇ ಕೂತೆ; ಹಂಪಿಯಿಲ್ಲದ ಭಾನುವಾರ ಎಷ್ಟು ಉದ್ದವೆಂದು ತಿಳಿಯಿತು.

ನನ್ನನ್ನು ಎಬ್ಬಿಸಿದ್ದು ಸಿಟ್ಟು. ಎಲೆಕ್ಟ್ರಿಷಿಯನ್ ಈ ಬಾರಿ ಮನೆಗೇ ಬಂದ. ಪದೇ ಪದೇ ಹೋಗುವ ನೀಲಿ ಹದಿನೈದರ ಜಾಗಕ್ಕೆ ಹಸಿರು ಮೂವತ್ತು ಸಿಕ್ಕಿಸಿ, “ಇನ್ನ ಹೋಗಂಗಿಲ್ಲ ಬಿಡ್ರಿ,” ಅಂದ. ನನ್ನ ತಲೆ ಚಿಟ್ಟು ಹಿಡಿಯಿತು. ಹತ್ತನೇ ತರಗತಿಗೆ ವರ್ಷಾವರ್ಷ ಅದೇ ಪಾಠ ಮಾಡುತ್ತೇನೆ. ಫ್ಯೂಸ್ ಸುಡುವುದು ವೈರ್ ಸುಡದಿರಲಿ ಎಂದು. ಸಣ್ಣದರ ಜಾಗಕ್ಕೆ ದೊಡ್ಡದು ಹಾಕಿದರೆ ಹೋಗಬೇಕಾದ ಫ್ಯೂಸ್ ಉಳಿಯುತ್ತದೆ, ಉಳಿಯಬೇಕಾದ ಕಾರು ಹೊತ್ತಿ ಉರಿಯುತ್ತದೆ. “ತೆಗಿ ಅದನ್ನ,” ಎಂದು ಕಿರುಚಿದೆ. ಪಕ್ಕದ ಮನೆಯವರು ಕಿಟಕಿಗೆ ಬಂದರು. ಅವನು ಬೇಸರದಿಂದ ತೆಗೆದುಕೊಟ್ಟು, “ಹಂಗಾರ ನೀವ ಹುಡುಕ್ರಿ ಮೇಡಂ,” ಎಂದು ಹೋದ. ಅವನು ಹೇಳಿದ್ದು ಚುಚ್ಚುಮಾತು. ನಾನು ಅದನ್ನು ಹೋಂವರ್ಕ್ ಎಂದು ತೆಗೆದುಕೊಂಡೆ.

ಶಾಲೆಯ ಲ್ಯಾಬಿನಲ್ಲಿ ಒಂದು ಮಲ್ಟಿಮೀಟರ್ ಇತ್ತು. ಹೆಡ್‌ಮಾಸ್ಟರನ್ನು ಕೇಳಿ ಶನಿವಾರ ಮನೆಗೆ ತಂದೆ. ಭಾನುವಾರ ಬೆಳಿಗ್ಗೆ ಕಾಟನ್ ಸೀರೆಯನ್ನು ಮೊಳಕಾಲ ಮೇಲೆ ಸಿಕ್ಕಿಸಿಕೊಂಡು ಬಾನೆಟ್ ಎತ್ತಿದೆ. ಕಾರಿನ ಎಲ್ಲ ಸ್ವಿಚ್ ಆರಿಸಿ, ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಮೀಟರನ್ನು ಸೇರಿಸಿದೆ. ನಿಂತ ಕಾರು ಎಷ್ಟು ಕರೆಂಟ್ ಕುಡಿಯುತ್ತಿದೆ ಎಂದು ಅದು ತೋರಿಸುತ್ತದೆ. ಕಾರಿನ ಗಡಿಯಾರಕ್ಕೆಂದು ಒಂದಿಷ್ಟು ಬೇಕು, ಸರಿ. ಮೀಟರ್ ತೋರಿಸಿದ್ದು ಅದರ ಹತ್ತಾರು ಪಟ್ಟು. ಎಲ್ಲೋ ಸೋರುತ್ತಿತ್ತು.

ಎಲ್ಲಿ ಎಂದು ಹುಡುಕುವ ದಾರಿ ಸುಲಭ, ಬೇಜಾರಿನದು. ಒಂದೊಂದೇ ಫ್ಯೂಸ್ ಕೀಳುತ್ತ ಮೀಟರ್ ನೋಡುವುದು. ಯಾವುದನ್ನು ಕಿತ್ತಾಗ ಅಂಕಿ ಇಳಿಯುತ್ತದೋ ಆ ದಾರಿಯಲ್ಲಿ ದೋಷ. ಹಾರ್ನಿನದು ಕಿತ್ತೆ; ಇಳಿಯಲಿಲ್ಲ. ವೈಪರಿನದು, ಲೈಟಿನದು, ಫ್ಯಾನಿನದು, ರೇಡಿಯೋದ್ದು. ಕಿತ್ತದ್ದನ್ನೆಲ್ಲ ಹಳೆಯ ಪೇಪರಿನ ಮೇಲೆ ಸಾಲಾಗಿ ಇಟ್ಟೆ. ಕೊನೆಗೆ ಪೆಟ್ಟಿಗೆಯಲ್ಲಿ ಒಂದೂ ಫ್ಯೂಸ್ ಇಲ್ಲ, ಮೀಟರ್ ಮಾತ್ರ ಅದೇ ಅಂಕಿ ತೋರಿಸುತ್ತಿದೆ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಒಳಗೆ ಹೋಗಿ ನೀರು ಕುಡಿದು ಬಂದು ಮತ್ತೆ ನೋಡಿದೆ. ಆಗ ಹೊಳೆಯಿತು. ದೋಷ ಹಾರ್ನಿನಲ್ಲಿಲ್ಲ, ವೈಪರಿನಲ್ಲಿಲ್ಲ, ಯಾವ ದಾರಿಯಲ್ಲೂ ಇಲ್ಲ. ಎಲ್ಲಕ್ಕೂ ಕರೆಂಟ್ ಹಂಚುವ ಪೆಟ್ಟಿಗೆಯೇ ಸೋರುತ್ತಿದೆ.

ಬಗ್ಗಿ ನೋಡಿದೆ. ಖಾಲಿ ಮನೆಗಳಂತಿದ್ದ ಆ ಕಿಂಡಿಗಳಿಂದ ಇರುವೆಗಳು ಹೊರಬರುತ್ತಿದ್ದವು. ಮಡ್‌ಗಾರ್ಡಿನ ಮೇಲೆ ಇರುವೆ ಸಾಲನ್ನು ಎಷ್ಟೋ ಸಲ ನೋಡಿ ಅರಿಸಿನ ಉದುರಿಸಿದ್ದೆ. ಕಾರಿನಲ್ಲಿ ಅವಕ್ಕೇನು ಕೆಲಸವೆಂದು ಕೇಳಿಕೊಂಡಿರಲಿಲ್ಲ. ಮೂಗು ಹತ್ತಿರ ಒಯ್ದೆ. ಹುಳಿ ಬಂದ ವಾಸನೆ. ಅಡುಗೆಮನೆಯಲ್ಲಿ ಬದುಕು ಸವೆಸಿದ ಯಾವ ಹೆಂಗಸಿಗೂ ಅದನ್ನು ಹೇಳಿಕೊಡಬೇಕಾಗಿಲ್ಲ. ಕೆಟ್ಟ ತೆಂಗಿನ ನೀರು.

ಎಲೆಕ್ಟ್ರಿಷಿಯನ್ನನ್ನು ಮತ್ತೆ ಕರೆಸಿದೆ. ಪೆಟ್ಟಿಗೆ ಬಿಚ್ಚಲು ನನ್ನ ಹತ್ತಿರ ಹತಾರವಿರಲಿಲ್ಲ. ಅವನು ಬಂದ, ಮುನಿಸು ಇಟ್ಟುಕೊಂಡೇ. ಬೋಲ್ಟ್ ಸಡಿಲಿಸಿ ಪೆಟ್ಟಿಗೆಯನ್ನು ಬೋರಲು ಮಾಡಿದ. ತಾಮ್ರದ ಪಿನ್ನುಗಳ ಮೇಲೆ ಹಸಿರು ಕಿಲುಬು ಪಾಚಿಯ ಹಾಗೆ ಬೆಳೆದಿತ್ತು. ನಡುನಡುವೆ ಬೂದಿಯೂ ಕೆಂಪೂ ಕಲಸಿದ ಅಂಟು. ಹಾರ್ನಿನ ವೈರಿನ ಮೇಲ್ಸಿಪ್ಪೆ ಕೊಳೆತು, ಒಳಗಿನ ತಂತಿ ಕಬ್ಬಿಣದ ಪಟ್ಟಿಗೆ ತಾಗುತ್ತಿತ್ತು. ನೀಲಿ ಫ್ಯೂಸ್ ಪಾಪ, ತನ್ನ ಕೆಲಸ ಮಾಡುತ್ತಿತ್ತು.

“ಧೂಳಲ್ರಿ ಇದು,” ಅಂದ ಅವನು, ಉಗುರಿನಿಂದ ಕೆರೆದು. “ಕುಂಕುಮ ಐತಿ. ಇಭೂತಿ ಐತಿ. ಭಾಳ ಭಕ್ತಿ ಐತಿ ನಿಮ್ಮ ಗಾಡ್ಯಾಗ.”

ಆಗ ಹಿಂದಿನದೆಲ್ಲ ಲೆಕ್ಕಕ್ಕೆ ಬಂತು. ಕಾರು ಕೈಕೊಟ್ಟದ್ದೆಲ್ಲ ಅಮಾವಾಸ್ಯೆ ಕಳೆದ ಒಂದೆರಡು ದಿನಗಳಲ್ಲಿ. ನೀರು ಹಸಿಯಿದ್ದಾಗ ಸೋರಿಕೆ ಹೆಚ್ಚು, ಒಣಗಿದ ಮೇಲೆ ಕಿಲುಬು. ಕಾಯಿ ಸಿಹಿಯಿದ್ದಷ್ಟೂ ಇರುವೆ. ಏರಿನಲ್ಲಿ ನಿಂತದ್ದು ಅಮಾವಾಸ್ಯೆಯ ಮರುದಿನವೇ.

ರಿಪೇರಿಗೆ ಒಂದು ದಿನ ಹಿಡಿಯಿತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನಾನೇ ಪಿನ್ನುಗಳನ್ನು ಉಜ್ಜಿದೆ. ಅವನು ಸ್ಪ್ರೇ ಹೊಡೆದು, ತೀರಾ ಹಾಳಾದವನ್ನು ಬದಲಿಸಿ, ಕೊಳೆತ ವೈರನ್ನು ಕತ್ತರಿಸಿ ಹೊಸದು ಸೇರಿಸಿದ. ಮುಚ್ಚಳಕ್ಕೆ ಹೊಸ ಕೊಕ್ಕೆ ಬಂತು. ಮೀಟರ್ ಇರಬೇಕಾದಲ್ಲಿಗೆ ಇಳಿಯಿತು. ಹದಿನೈದರ ಜಾಗದಲ್ಲಿ ಹದಿನೈದರದ್ದೇ ನೀಲಿ ಫ್ಯೂಸನ್ನು ನನ್ನ ಕೈಯಾರೆ ಒತ್ತಿ ಕೂರಿಸಿದೆ. ಹಾರ್ನ್ ಒತ್ತಿದಾಗ ಬೀದಿಯ ನಾಯಿ ಎದ್ದು ಓಡಿತು. ಗಂಡ ಸತ್ತ ಮೇಲೆ ನನಗಾದ ಮೊದಲ ಸಂತೋಷ ಅದು. ಆಗಿಬರದ ಗಾಡಿಯಂತೆ!

ಭಾವನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ, ಪಾಠ ಮಾಡುವ ಹಾಗೆ, ಅವರ ಮನಸ್ಸು ನೋಯಬಾರದೆಂದು ತೂಗಿ ತೂಗಿ.

“ನಮ್ಮಪ್ಪನ ಕಾಲದಿಂದ ಗಾಡಿಗೆ ಕಾಯಿ ಒಡದು ನೀರು ಹಾಕ್ತೀವಿ,” ಅಂದರು. “ತೆಂಗಿನ ನೀರಿಗೆ ಗಾಡಿ ಕೆಡತೈತಿ ಅಂತ ಯಾರೂ ಹೇಳಿಲ್ಲ. ನಿನ್ನ ವಿಜ್ಞಾನ ಸಾಲ್ಯಾಗ ಇಟ್ಕೋ ತಂಗಿ. ಅಮಾಸಿಗೆ ಬರ್ತೀನಿ.”

ನನಗೆ ಸಿಟ್ಟು ಬರಲಿಲ್ಲ. ಪಾಪ, ಗೊತ್ತಿಲ್ಲದವರು ಎಂದು ಮರುಕ ಬಂತು. ಗೊತ್ತಿಲ್ಲದೆ ಮಾಡಿದ್ದಕ್ಕೆ ಯಾರನ್ನು ಬೈಯುವುದು? ಮುಂದಿನ ಅಮಾವಾಸ್ಯೆ ಭಾನುವಾರ ಬಿದ್ದಿತ್ತು. ಅವರಿಗೆ ಹೊಸಪೇಟೆಯವರೆಗೆ ಬರುವ ತೊಂದರೆ ಬೇಡ, ನಾನೇ ಬೆಳಿಗ್ಗೆ ಗಿರಣಿಗೆ ಹೋದರಾಯಿತು, ಚಕ್ರಕ್ಕಷ್ಟೇ ಪೂಜೆ ಮಾಡಿಸಿಕೊಂಡು ಬಂದರಾಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಕಾರನ್ನು ತೋರಿಸಿಕೊಳ್ಳುವ ಆಸೆಯೂ ಇತ್ತು. ಕಾಲುವೆಯ ಪಕ್ಕದ ಭತ್ತದ ಗದ್ದೆಗಳ ನಡುವೆ ಹಾಡಿಕೊಳ್ಳುತ್ತ ಹೋದೆ. ಕಬ್ಬಿನ ಟ್ರ್ಯಾಕ್ಟರುಗಳಿಗೆ ಬೇಕಿಲ್ಲದಿದ್ದರೂ ಹಾರ್ನ್ ಹಾಕಿದೆ. ಕಂಪ್ಲಿಯ ಹತ್ತಿರ ಬಂದಾಗ ಬೇಯಿಸಿದ ಭತ್ತದ ವಾಸನೆ ಕಾರಿನೊಳಗೆ ತುಂಬಿತು.

ಗಿರಣಿಯ ಅಂಗಳದಲ್ಲಿ ಪೂಜೆ ನಡೆಯುತ್ತಿತ್ತು. ನಾನು ಗೇಟಿನ ಹೊರಗೇ ಕಾರು ನಿಲ್ಲಿಸಿ ಒಳಗೆ ನಡೆದೆ. ಭಾವ ನನಗೆ ಬೆನ್ನು ಮಾಡಿ ನಿಂತಿದ್ದರು, ಎದುರಿಗೆ ಅವರ ಸ್ವಂತ ಕಾರು. ಅದನ್ನು ಕೊಂಡು ನಾಲ್ಕೈದು ವರ್ಷವಾಗಿರಬೇಕು. ಅದರ ಪೂಜೆಯನ್ನು ನಾನು ನೋಡಿದ್ದು ಅದೇ ಮೊದಲು. ಬಾನೆಟ್ ಮುಚ್ಚಿತ್ತು. ಬಾನೆಟ್ಟಿಗೂ ಗಾಜಿಗೂ ನಡುವಿನ ಸಂದಿಗೆ ಒಂದು ಟವೆಲನ್ನು ಮಡಿಸಿ ಉದ್ದಕ್ಕೂ ಹಾಸಿತ್ತು, ಹಾಸಿಗೆಯ ಮೇಲೆ ಚಾದರ ಎಳೆದಷ್ಟು ಅಚ್ಚುಕಟ್ಟಾಗಿ. ಗಿರಣಿಯ ಹಮಾಲನೊಬ್ಬ ಕಾಯಿ ಒಡೆದು, ಹೋಳುಗಳನ್ನು ಹಿಡಿದು ಕಾರಿನ ಹತ್ತಿರ ಸರಿದ.

“ಲೇ, ಮ್ಯಾಲ ಸುರೀಬ್ಯಾಡ, ನೆಲಕ್ಕ ಹಾಕು,” ಅಂದರು ಭಾವ. “ನೀರು ಒಳಗ ಇಳದ್ರ ಫ್ಯೂಸ್ ಹೋಗ್ತಾವ.”

“ಗೊತ್ತೈತ್ರಿ ಧಣಿ,” ಅಂದ ಹಮಾಲ. “ಗಾಡಿ ತಂದಾಗಿಂದ ಪ್ರತಿ ಅಮಾಸಿಗೂ ಹೇಳ್ತೀರಲ್ರಿ.”

ಅವನು ನನ್ನನ್ನು ಮೊದಲು ನೋಡಿದ. ಆಮೇಲೆ ಭಾವ ತಿರುಗಿದರು. ಹಣೆಯಲ್ಲಿ ಅದೇ ವಿಭೂತಿ.

“ನನ್ನ ಗಾಡಿಗೂ ಒಂದು ಟವೆಲ್ ಹಾಕಬಹುದಿತ್ತಲ್ರಿ ಭಾವಾರ,” ಅಂದೆ.

ಅವರು ನನ್ನ ಮುಖ ನೋಡಲಿಲ್ಲ. ಗೇಟಿನ ಹೊರಗೆ ನಿಂತಿದ್ದ ಕಾರನ್ನು ನೋಡಿದರು. “ಬಾ, ಒಳಗ ಬಾ,” ಅಂದರು. “ಬಿಸಲಾಗ ಯಾಕ ನಿಂತಿ? ಚಾ ಕುಡಿ.”

ನಾನು ಒಳಗೆ ಹೋಗಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಹಂಪಿಗೆ ಹೋಗಬೇಡ ಎಂದಿದ್ದರೆ ಹೋಗುತ್ತೇನೆ ಎನ್ನುತ್ತಿದ್ದೆ. ಕಾರು ಕೊಡು ಎಂದು ಕೈಚಾಚಿದ್ದರೆ ಕೊಡುವುದಿಲ್ಲ ಎನ್ನುತ್ತಿದ್ದೆ. ಅವರು ಅದೊಂದನ್ನೂ ಮಾಡದೆ, ತಿಂಗಳಿಗೊಮ್ಮೆ ಮಡಿಯುಟ್ಟು ಬಂದು, ಒಂದು ಕಾಯಿಯ ನೀರು ಸುರಿದು ಹೋದರು. ಉಳಿದದ್ದನ್ನು ದೇವರ ಹೆಸರಿಗೆ ಬಿಟ್ಟರು.

ಆಮೇಲೆ ಅವರು ಬಂದಿಲ್ಲ. ಅಮಾವಾಸ್ಯೆಯ ಸಂಜೆ ನಾನೇ ಚಕ್ರದ ಪಕ್ಕ ಕಾಯಿ ಒಡೆದು ನೀರನ್ನು ನೆಲಕ್ಕೆ ಚೆಲ್ಲುತ್ತೇನೆ. ಪಕ್ಕದ ಮನೆಯವರು ಮೊದಲ ಸಲ ಕಿಟಕಿ ಮುಚ್ಚಿದರು, ಈಗ ಮುಚ್ಚುವುದಿಲ್ಲ. ಭಾನುವಾರ ಹಂಪಿಗೆ ಹೋಗುತ್ತೇನೆ. ಆ ನೀಲಿ ಫ್ಯೂಸ್ ಮತ್ತೆ ಹೋಗಿಲ್ಲ. ಕೆಟ್ಟದ್ದನ್ನೆಲ್ಲ ಉಜ್ಜಿ, ಕತ್ತರಿಸಿ, ಹೊಸದು ಹಾಕಿದ್ದಾಯಿತು. ಅಷ್ಟೂ ಅಮಾವಾಸ್ಯೆಗಳಲ್ಲಿ ಕಣ್ಣು ತುಂಬಿಕೊಂಡು ಅವರ ಕಾಲು ಮುಟ್ಟಿದ್ದೆನಲ್ಲ, ಆ ನಮಸ್ಕಾರಗಳನ್ನು ಮಾತ್ರ ವಾಪಸ್ ತೆಗೆದುಕೊಳ್ಳಲು ಆಗಿಲ್ಲ.